ಡಬ್ಲ್ಯೂ-ಆರ್ ಅಂದರೆ ಬಟ್ಟೆ ಹಿಂಡಿದ ಹಾಗೆ

ಪ್ರಶ್ನೆ: ನಾವು ಕುಂದಾಪುರ ಕಡೆಯವರು, ಈಗ ಡೊಂಬಿವಲಿಯಲ್ಲಿದ್ದೇವೆ. ಮಗಳು ಆರನೇ ಕ್ಲಾಸ್, ಇಂಗ್ಲಿಷ್ ಮೀಡಿಯಂ. ಶಾಲೆಯಲ್ಲಿ ಪ್ರತಿ ವಾರ ಎರಡು ಅಕ್ಷರ ಕೊಟ್ಟು, ಅದರಿಂದ ಶುರುವಾಗುವ 20 ಶಬ್ದಗಳನ್ನು ಅರ್ಥದ ಜೊತೆ ಬರೆದುಕೊಂಡು ಬರಲು ಹೇಳುತ್ತಾರೆ. ಈ ವಾರ ಡಬ್ಲ್ಯೂ-ಆರ್. ಮುಂದೆ ಕೆ-ಎನ್, ಆಮೇಲೆ ಎಸ್-ಎನ್. ಬಾಯಿಪಾಠ ಮಾಡುತ್ತಾಳೆ, ಎರಡು ದಿನಕ್ಕೆ ಮರೆಯುತ್ತಾಳೆ. ಒಂದೇ ಅಕ್ಷರಗಳಿಂದ ಶುರುವಾಗುವ ಶಬ್ದಗಳಿಗೆ ಅರ್ಥದಲ್ಲೂ ಸಂಬಂಧ ಇರುತ್ತದೆಯೇ? ಬಾಯಲ್ಲಿ ಹೇಳದ ಅಕ್ಷರವನ್ನು ಯಾಕೆ ಬರೆಯಬೇಕು? ಇನ್ನೊಂದು, ನಾಟಕ ಬರೆಯುವವರನ್ನು ಪ್ಲೇರೈಟ್ ಅನ್ನುತ್ತಾರಲ್ಲ, ಅದರ ಸ್ಪೆಲಿಂಗ್ 'ಬರೆ' ಅನ್ನುವ ರೈಟ್‌ನ ಹಾಗೆ ಯಾಕಿಲ್ಲ ಅಂತ ಮಗಳು ಕೇಳಿದಳು. ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು, ಉತ್ತರ ಹೊಳೆಯಲಿಲ್ಲ.

ಉತ್ತರ: ಸಂಬಂಧ ಇದೆ. ಎಲ್ಲ ಶಬ್ದಗಳಿಗೂ ಇಲ್ಲ, ಎಲ್ಲ ಅಕ್ಷರ ಜೋಡಿಗಳಲ್ಲೂ ಇಲ್ಲ. ಆದರೆ ನಿಮ್ಮ ಮಗಳಿಗೆ ಈ ವಾರ ಸಿಕ್ಕಿರುವ ಡಬ್ಲ್ಯೂ-ಆರ್‌ನಲ್ಲಿ ಅದು ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ಒದ್ದೆ ಬಟ್ಟೆ ಹಿಡಿದುಕೊಂಡು ಕೂತರೆ ಅರ್ಧಕ್ಕಿಂತ ಜಾಸ್ತಿ ಶಬ್ದಗಳು ಬಾಯಿಪಾಠ ಇಲ್ಲದೆ ಬರುತ್ತವೆ.

ಒದ್ದೆ ಬಟ್ಟೆ ಅಂದದ್ದಕ್ಕೆ ಕಾರಣ ಇದೆ. ನಾನು ಹುಡುಗನಾಗಿದ್ದಾಗ ಹಗಲು ಮುಂಬಯಿಯ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದೆ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಕ್ಲಾಸಿನಲ್ಲಿ ಎಲ್ಲರೂ ನನ್ನ ಹಾಗೆ ಹೋಟೆಲ್ ಹುಡುಗರೇ. ಒಂದು ದಿನ ಇಂಗ್ಲಿಷ್ ಮಾಸ್ತರು ಬೋರ್ಡ್ ಒರೆಸುವ ಫಡ್ಕಾವನ್ನು ನೀರಿಗೆ ಅದ್ದಿ ಎರಡೂ ಕೈಯಲ್ಲಿ ಹಿಡಿದು ಹಿಂಡಿದರು. 'ನೀವು ದಿನಕ್ಕೆ ನೂರು ಸಲ ಮಾಡುವ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ರಿಂಗ್ ಅನ್ನುತ್ತಾರೆ, ಆದರೆ ಉಂಗುರದ ರಿಂಗ್ ಅಲ್ಲ, ಮುಂದೆ ಒಂದು ಡಬ್ಲ್ಯೂ ಇದೆ' ಅಂದರು. ಆಮೇಲೆ ನಮ್ಮ ಕೈಯನ್ನೇ ತೋರಿಸಿ, ಹಿಂಡುವಾಗ ತಿರುಗುವ ಜಾಗ ಯಾವುದು ನೋಡಿ, ಅದು ರಿಸ್ಟ್, ಅದಕ್ಕೂ ಡಬ್ಲ್ಯೂ ಇದೆ ಅಂದರು. ಅವತ್ತಿನಿಂದ ನಾನು ಆ ಎರಡು ಶಬ್ದದ ಸ್ಪೆಲಿಂಗ್ ತಪ್ಪಿಲ್ಲ. ಮುಂದೆ ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವಾಗಲೂ ಡಬ್ಲ್ಯೂ-ಆರ್ ಬಂದರೆ ನಾನು ಕೈವಸ್ತ್ರ ತೆಗೆದು ಹಿಂಡಿ ತೋರಿಸುತ್ತಿದ್ದೆ.

ಆ ಹಿಂಡುವ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಪಟ್ಟಿ ನೋಡಿ. ರೆಂಚ್ ಅಂದರೆ ನಟ್ಟು ತಿರುಗಿಸುವ ಸಲಕರಣೆ, ನಮ್ಮ ಮುಂಬಯಿ ಗ್ಯಾರೇಜಿನಲ್ಲಿ ಪಾನಾ ಅನ್ನುತ್ತಾರಲ್ಲ, ಅದು. ರೆಸ್ಟ್, ವಿಶ್ರಾಂತಿ ಅಲ್ಲ, ಡಬ್ಲ್ಯೂ ಇರುವ ರೆಸ್ಟ್, ಅಂದರೆ ತಿರುಚಿ ಕಿತ್ತುಕೊಳ್ಳುವುದು. ಹಾಗೆ ಮತ್ತೆ ಮತ್ತೆ ಮಾಡಿದರೆ ರೆಸಲ್, ಕುಸ್ತಿ. ರೀತ್ ಅಂದರೆ ಹೂವು ಎಲೆಗಳನ್ನು ಬಳಸಿ ಸುತ್ತಿ ಮಾಡಿದ ಚಕ್ರ. ರಿಂಕಲ್ ಸುಕ್ಕು. ರಿಗಲ್ ಅಂದರೆ ಎರೆಹುಳದ ಹಾಗೆ ಅತ್ತ ಇತ್ತ ಹೊರಳುವುದು. ಹೊಟ್ಟೆನೋವು ತಡೆಯಲಾರದೆ ಮೈ ಮುರಿದುಕೊಂಡು ಒದ್ದಾಡುವುದು ರೈದ್. ರ್‍ಯಾಪ್ ಅಂದರೆ ಸುತ್ತುವುದು, ವಡಾಪಾವ್ ಅನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾರಲ್ಲ ಹಾಗೆ. ರೈ ಅಂದರೆ ಸೊಟ್ಟ, ಬಾಯಿ ಒಂದು ಕಡೆ ಎಳೆದುಕೊಂಡು ನಕ್ಕರೆ ರೈ ಸ್ಮೈಲ್. ಎಲ್ಲದರಲ್ಲೂ ಏನೋ ಒಂದು ತಿರುಗುತ್ತಿದೆ, ಬಾಗುತ್ತಿದೆ, ಸುತ್ತಿಕೊಳ್ಳುತ್ತಿದೆ, ಅಲ್ವಾ?

ಇನ್ನು ಕಣ್ಣಿಗೆ ಕಾಣದ ತಿರುವುಗಳು. ಇವೇ ನನಗೆ ಜಾಸ್ತಿ ಇಷ್ಟ. ರಾಂಗ್ ಅಂದರೆ ತಪ್ಪು ಅಂತ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಆದರೆ ಮೊದಲು ಅದರ ಅರ್ಥ ಸೊಟ್ಟ, ಡೊಂಕು ಅಂತ ಇತ್ತು. ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರ ಮಾತಿನಿಂದ ಇಂಗ್ಲಿಷಿಗೆ ಸೇರಿದ ಶಬ್ದ ಅದು. ಅದಕ್ಕೆ ಎದುರಾದ ರೈಟ್ ಅಂದರೆ ಮೂಲದಲ್ಲಿ ನೆಟ್ಟಗಿರುವುದು, ಸಂಸ್ಕೃತದ ಋಜು ಅನ್ನುವ ಶಬ್ದದ ದೂರದ ನೆಂಟ. ನಾವೂ ಹೀಗೇ ಮಾತಾಡುತ್ತೇವೆ. ಒಳ್ಳೆಯವನು ನೇರ ಮನುಷ್ಯ, ದಾರಿ ತಪ್ಪಿದವನು ಅಡ್ಡದಾರಿ ಹಿಡಿದವನು. ಹಾಗೆಯೇ ರಾತ್, ಅಂದರೆ ದೊಡ್ಡ ಕೋಪ. ಅದರ ಹಿಂದಿರುವುದೂ ತಿರುಚಿಕೊಂಡ ಮನಸ್ಸು. ನಾವು ಸಿಟ್ಟು ಬಂದವರನ್ನು ನೋಡಿ 'ಮುಖ ಗಂಟು ಹಾಕಿಕೊಂಡಿದ್ದಾನೆ' ಅನ್ನುವುದಿಲ್ಲವೇ?

ಇಷ್ಟೆಲ್ಲ ಒಂದೇ ಕಡೆ ಹೇಗೆ ಸೇರಿತು? ಈ ಶಬ್ದಗಳಲ್ಲಿ ಹೆಚ್ಚಿನವು ತಿರುಗು, ಬಾಗು ಅನ್ನುವ ಅರ್ಥದ ಒಂದು ಬಹಳ ಹಳೆಯ ಧಾತುವಿನಿಂದ ಬೆಳೆದವು. ಭಾಷಾಶಾಸ್ತ್ರದವರು ಅದನ್ನು 'ವೆರ್' ಅಂತ ಬರೆಯುತ್ತಾರೆ. ಸಂಸ್ಕೃತದ ವೃತ್ ಅನ್ನುವುದೂ ಅಲ್ಲಿಂದಲೇ. ಕನ್ನಡದ ವೃತ್ತ, ಆವರ್ತ, ಪರಿವರ್ತನೆ ಎಲ್ಲ ಆ ಕಡೆಯಿಂದ ಬಂದವು. ನಿಮ್ಮ ಮಗಳು ಮರಾಠಿಯನ್ನೂ ಓದುತ್ತಿರಬೇಕು. ಮರಾಠಿಯಲ್ಲಿ ಸರ್ಕಲ್‌ಗೆ ವರ್ತುಳ ಅನ್ನುತ್ತಾರೆ, ಅದೂ ಇದೇ ಸಂಸಾರ. ಕಂಪಾಸಿನಲ್ಲಿ ವೃತ್ತ ಎಳೆಯುವಾಗ ತಿರುಗುವ ಕೈಯೇ ರಿಸ್ಟ್ ಅಂತ ಒಮ್ಮೆ ಹೇಳಿ ನೋಡಿ, ಮಕ್ಕಳ ಮುಖ ಹೇಗೆ ಅರಳುತ್ತದೆ ಅಂತ ನಾನು ಎಷ್ಟೋ ಸಲ ನೋಡಿದ್ದೇನೆ. (ನಮ್ಮ ಮಣಿಕಟ್ಟು ಬೇರೆಯೇ ಯೋಚನೆಯಿಂದ ಹುಟ್ಟಿದೆ. ನಮಗೆ ಅದು ಮಣಿ ಕಟ್ಟುವ ಜಾಗ. ಇಂಗ್ಲಿಷಿನವರಿಗೆ ಅದು ತಿರುಗುವ ಜಾಗ.)

ಆದರೆ ಪಟ್ಟಿಯಲ್ಲಿ ಹೊರಗಿನವರೂ ಇರುತ್ತಾರೆ, ಅವರನ್ನು ಎಳೆದು ತಂದು ಈ ಮನೆಗೆ ಸೇರಿಸಬೇಡಿ. ಬರೆ ಅನ್ನುವ ರೈಟ್‌ನಲ್ಲಿ ತಿರುಗುವುದು ಇಲ್ಲ. ಅದರ ಹಳೆಯ ಅರ್ಥ ಗೀರುವುದು, ಕೆತ್ತುವುದು. ಮರದ ಮೇಲೆ, ಕಲ್ಲಿನ ಮೇಲೆ ಗೀರಿದ್ದೇ ಬರಹ. ಕನ್ನಡದ ಬರೆಯೂ ಹಾಗೆಯೇ, ಗೆರೆ ಎಳೆಯುವುದಕ್ಕೂ ಬರೆ, ಕಾಯಿಸಿ ಹಾಕಿದ ಗುರುತಿಗೂ ಬರೆ. ರೆಕ್ ಅಂದರೆ ಒಡೆದು ಹಾಳಾದ ಹಡಗು, ರೆಚ್ ಅಂದರೆ ದುರ್ದೈವಿ, ಹಿಂದೆ ಊರಿನಿಂದ ಹೊರಗೆ ಹಾಕಿಸಿಕೊಂಡವನು. ಇವೆರಡೂ ಅಟ್ಟುವುದು, ಓಡಿಸುವುದು ಅನ್ನುವ ಬೇರೆ ಕುಟುಂಬದವು. ರೆನ್ ಅನ್ನುವ ಪುಟ್ಟ ಹಕ್ಕಿಯನ್ನೂ ಬೇರೆಯಾಗಿಯೇ ಕಲಿಯಬೇಕು. ಹೊರಗಿನವು ಕಡಿಮೆ ಇರುವುದರಿಂದ ಅವನ್ನು ನೆನಪಿಡುವುದು ಕಷ್ಟ ಆಗುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಹೇಳದ ಅಕ್ಷರ ಬರೆಯುವುದು ಯಾಕೆ ಅಂದರೆ, ಒಂದು ಕಾಲದಲ್ಲಿ ಅದನ್ನು ಹೇಳುತ್ತಿದ್ದರು. ಹಳೆಯ ಇಂಗ್ಲಿಷಿನಲ್ಲಿ ವ್ರಿಂಗ್, ವ್ರಿಸ್ಟ್ ಅಂತಲೇ ಇತ್ತು, ನಾವು ವೃತ್ತ, ವ್ರತ ಅನ್ನುವ ಹಾಗೆ. ಕೆ-ಎನ್ ಶಬ್ದಗಳಲ್ಲಿ ಕೆ ಕೂಡ ಕೇಳಿಸುತ್ತಿತ್ತು. ಡಚ್ಚರು ಈಗಲೂ ಹಿಂಡುವುದಕ್ಕೆ ವ್ರಿಂಗೆನ್ ಅನ್ನುತ್ತಾರೆ. ಜರ್ಮನರು ಮೊಣಕಾಲಿಗೆ ಕ್ನೀ ಅನ್ನುತ್ತಾರೆ, ಕ ಮತ್ತು ನ ಎರಡೂ ಸೇರಿಸಿ. ಇಂಗ್ಲಿಷಿನಲ್ಲಿ 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚಿನ ಮಳಿಗೆ ತೆರೆದ ಮೇಲೆ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಗುತ್ತಾ ಹೋಯಿತು. ಜನರ ನಾಲಿಗೆ ಮಾತ್ರ ಬದಲಾಗುತ್ತಲೇ ಇತ್ತು. 17ನೇ ಶತಮಾನ ಮುಗಿಯುವ ಹೊತ್ತಿಗೆ ಈ ಡಬ್ಲ್ಯೂ ಮತ್ತು ಕೆ ಎರಡೂ ಹೆಚ್ಚುಕಡಿಮೆ ಬಾಯಿಂದ ಹೋದವು, ಕಾಗದದ ಮೇಲೆ ಉಳಿದವು. ಮರಾಠಿಯಲ್ಲಿ ಒಂದು ಗಾದೆ ಇದೆ, ನೀವೂ ಅಕ್ಕಪಕ್ಕದಲ್ಲಿ ಕೇಳಿರುತ್ತೀರಿ: 'ಸುಂಭ ಜಳಾಲಾ ತರೀ ಪೀಳ ಜಾತ ನಾಹೀ'. ನಾರಿನ ಹಗ್ಗ ಸುಟ್ಟು ಹೋದರೂ ಅದರ ಹುರಿ ಹೋಗುವುದಿಲ್ಲ. ಡಬ್ಲ್ಯೂ-ಆರ್ ಶಬ್ದಗಳಿಗೆ ಇದಕ್ಕಿಂತ ಒಪ್ಪುವ ಮಾತು ನನಗೆ ಯಾವ ಭಾಷೆಯಲ್ಲೂ ಸಿಕ್ಕಿಲ್ಲ. ಸದ್ದು ಸುಟ್ಟು ಹೋಗಿದೆ, ತಿರುಚಿದ ಗುರುತು ಅಕ್ಷರದಲ್ಲಿ ಹಾಗೇ ಇದೆ.

ಕನ್ನಡ ಬೇರೆ ದಾರಿ ಹಿಡಿಯಿತು. ಬಾಯಲ್ಲಿ ಬದಲಾದರೆ ಬರಹದಲ್ಲೂ ಬದಲಾಯಿಸಿಬಿಟ್ಟೆವು. ಹಳಗನ್ನಡದ ಪಾಲ್ ಹಾಲಾಯಿತು, ಬರೆಯುವುದೂ ಹಾಲು ಅಂತಲೇ. ಱ ಅನ್ನುವ ಅಕ್ಷರದ ಉಚ್ಚಾರ ಹೋಯಿತು, ಅಕ್ಷರವನ್ನೂ ಬಿಟ್ಟೆವು. ಇದರಿಂದ ಮಕ್ಕಳಿಗೆ ಓದುವುದು ಸುಲಭ ಆಯಿತು, ನಿಜ. ಆದರೆ ತಿಳಿ ಅನ್ನುವ ಅರ್ಥದ 'ಅಱಿ', ಕತ್ತರಿಸು ಅನ್ನುವ ಅರ್ಥದ 'ಅರಿ' ಎರಡೂ ಈಗ ಕಣ್ಣಿಗೆ ಒಂದೇ. ಇಂಗ್ಲಿಷ್ ಹೇಳದ ಅಕ್ಷರ ಉಳಿಸಿಕೊಂಡಿದ್ದರಿಂದ ಉಂಗುರದ ರಿಂಗ್ ಬೇರೆ, ಹಿಂಡುವ ರಿಂಗ್ ಬೇರೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ನೈಟ್ ಅಂದರೆ ರಾತ್ರಿ, ಕೆ ಹಚ್ಚಿದರೆ ಕುದುರೆ ಮೇಲಿನ ವೀರ. ಆ ವೀರನೂ ಮೊದಮೊದಲು ಬರೀ ಹುಡುಗ, ಕೆಲಸದಾಳು ಅನ್ನುವ ಅರ್ಥದಲ್ಲಿದ್ದ. ಹಾಗಾಗಿ ಮಗಳಿಗೆ 'ಅದು ಸುಮ್ನೆ ಬರೆಯುವ ಅಕ್ಷರ' ಅಂತ ಹೇಳಬೇಡಿ. ಅದು ಆ ಶಬ್ದದ ಮನೆತನದ ಹೆಸರು.

ಮುಂದಿನ ವಾರದ ಕೆ-ಎನ್ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ. ಇದಕ್ಕೆ ಬಟ್ಟೆ ಬೇಡ, ಮುಷ್ಟಿ ಬಿಗಿಹಿಡಿದರೆ ಸಾಕು. ಎದ್ದು ಕಾಣುವ ಬೆರಳಿನ ಗೆಣ್ಣು ನಕಲ್. ಗಂಟು ನಾಟ್. ಬಾಗಿಲಿನ ಗುಬುಟು ನಾಬ್. ಸಣ್ಣ ಗುಡ್ಡ ನೋಲ್. ಮೊಣಕಾಲು ನೀ. ಹಿಟ್ಟನ್ನು ಮುದ್ದೆ ಮಾಡಿ ನಾದುವುದು ನೀಡ್. ಎಲ್ಲ ಉಬ್ಬು, ಗಂಟು, ಮುದ್ದೆ. ಹೆಣೆಯುವುದಕ್ಕೆ ನಿಟ್ ಅನ್ನುತ್ತಾರೆ, ಅದು ನಾಟ್‌ನ ಸ್ವಂತ ತಂಗಿ, ಗಂಟು ಹಾಕುವುದೇ ಅದರ ಮೊದಲ ಅರ್ಥ. ಈಗ ನಾನು ಬರೆದ ಕನ್ನಡ ಶಬ್ದಗಳನ್ನು ನೋಡಿ: ಗೆಣ್ಣು, ಗಂಟು, ಗುಬುಟು, ಗುಡ್ಡ. ಜೊತೆಗೆ ಗಡ್ಡೆ, ಅಂಗಿಯ ಗುಂಡಿ, ಗುಳ್ಳೆ. ಕನ್ನಡದಲ್ಲಿ ಉಬ್ಬಿದ್ದಕ್ಕೆಲ್ಲ 'ಗ' ಬರುತ್ತಿದೆ! ಇಂಗ್ಲಿಷಿಗೂ ಇದಕ್ಕೂ ರಕ್ತಸಂಬಂಧ ಏನೂ ಇಲ್ಲ, ಆದರೆ ಎರಡು ಭಾಷೆಗಳೂ ತಮ್ಮ ತಮ್ಮ ಮನೆಯಲ್ಲಿ ಒಂದೇ ಕೆಲಸ ಮಾಡಿಕೊಂಡಿವೆ.

ಕೆ-ಎನ್ ಪಟ್ಟಿಯಲ್ಲಿ ಬೇರೆ ಮನೆಯ ಒಂದು ದೊಡ್ಡ ಶಬ್ದ ಇದೆ. ನೋ, ಅಂದರೆ ತಿಳಿ. ಅದರ ನೆಂಟಸ್ತನ ಸಂಸ್ಕೃತದ ಜ್ಞಾ ಜೊತೆ. ಈ ಶಬ್ದದಲ್ಲಿ ಕೆ-ಎನ್ ಇರುವ ಕಡೆ ನಮ್ಮಲ್ಲಿ ಜ್ಞ ಇದೆ. ಗ್ರೀಕಿನಿಂದ ಬಂದ ಡಯಾಗ್ನೋಸಿಸ್‌ನಲ್ಲಿ ಅದೇ ಜಿ-ಎನ್ ಆಗಿದೆ, ಡಾಕ್ಟರ್ ಕಾಯಿಲೆ ಏನು ಅಂತ ತಿಳಿದುಕೊಳ್ಳುವುದು. ಮೊಣಕಾಲಿನ ನೀ ಕೂಡ ಹಾಗೇ ಸಂಸ್ಕೃತದ ಜಾನುವಿನ ಬಂಧು. ಆಜಾನುಬಾಹು ಅನ್ನುತ್ತೇವಲ್ಲ, ಕೈ ಮೊಣಕಾಲಿನವರೆಗೆ ಬರುವವನು, ಆ ಜಾನು.

ಎಸ್-ಎನ್ ಬಂದಾಗ ಮೂಗು ಮುಟ್ಟಿಕೊಳ್ಳಲು ಹೇಳಿ. ಸ್ನೋರ್ ಗೊರಕೆ, ಸ್ನಿಫ್ ಮೂಸುವುದು, ಸ್ನೀಜ್ ಸೀನು, ಸ್ನೌಟ್ ಮೂತಿ, ಸ್ನಾರ್ಟ್ ಎಮ್ಮೆ ಮೂಗಿನಲ್ಲಿ ಬುಸ್ಸೆನ್ನುವುದು, ಸ್ನಾಟ್ ಸಿಂಬಳ. ಕನ್ನಡದಲ್ಲಿ ಮೂಗು, ಮೂಸು, ಮೂತಿ, ಮುಸುಡಿ, ಮುಸುಮುಸು ಅಳುವುದು. ಈ ತರಹ ಶುರುವಿನ ಸದ್ದಿಗೆ ಒಂದು ಅರ್ಥದ ವಾಸನೆ ಅಂಟಿಕೊಳ್ಳುವುದಕ್ಕೆ ಜೆ. ಆರ್. ಫರ್ತ್ ಅನ್ನುವ ಭಾಷಾಶಾಸ್ತ್ರಜ್ಞರು 1930ರಲ್ಲಿ ಫೋನೆಸ್ತೀಮ್ ಅಂತ ಹೆಸರಿಟ್ಟರು. ಅವರು ಅದಕ್ಕೆ ಮೊದಲು ಲಾಹೋರಿನಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು. ಇಲ್ಲಿ ಒಂದು ವಿಷಯ ಗಮನಿಸಿ: ಡಬ್ಲ್ಯೂ-ಆರ್‌ನಲ್ಲಿ ಹೆಚ್ಚಿನವು ನಿಜವಾಗಿ ಒಂದೇ ಬೇರಿನವು. ಎಸ್-ಎನ್‌ನಲ್ಲಿ ಹಾಗಲ್ಲ, ಬೇರೆ ಬೇರೆ ಕಡೆಯ ಶಬ್ದಗಳೂ ಸದ್ದಿನ ಸೆಳೆತಕ್ಕೆ ಬಂದು ಸೇರಿಕೊಂಡಿವೆ. ಸ್ನೀಜ್ ಇದಕ್ಕೆ ಒಳ್ಳೆಯ ಸಾಕ್ಷಿ. ಹಳೆಯ ಇಂಗ್ಲಿಷಿನಲ್ಲಿ ಅದು ಎಫ್-ಎನ್‌ನಿಂದ ಶುರುವಾಗುತ್ತಿತ್ತು. ಆ ಜೋಡಿ ಭಾಷೆಯಿಂದಲೇ ಮಾಯವಾದಾಗ, ಮೂಗಿನ ಬೇರೆ ಶಬ್ದಗಳನ್ನು ನೋಡಿ ಇದೂ ಎಸ್ ಹಾಕಿಕೊಂಡಿತು. ಆಗಿನ ಬರಹದಲ್ಲಿ ಉದ್ದ ಎಸ್ ಮತ್ತು ಎಫ್ ನೋಡಲು ಹೆಚ್ಚುಕಡಿಮೆ ಒಂದೇ ತರಹ ಇದ್ದದ್ದೂ ಅನುಕೂಲವಾಯಿತು. ಸ್ನೇಕ್ ಮತ್ತು ಸ್ನೇಲ್, ಹಾವು ಮತ್ತು ಬಸವನಹುಳು, ಈ ಗುಂಪಿನವಲ್ಲ. ಅವೆರಡೂ ತೆವಳು ಅನ್ನುವ ಇನ್ನೊಂದು ಬೇರಿನ ಅಣ್ಣತಮ್ಮಂದಿರು. ಸ್ನೋ, ಹಿಮ, ಅದೂ ಬೇರೆ.

ಜಿ-ಎಲ್ ಕೊಟ್ಟರೆ ಹೊಳಪು ನೆನೆಸಿಕೊಂಡರೆ ಆಯಿತು, ಗ್ಲಿಟರ್, ಗ್ಲೋ, ಗ್ಲೀಮ್, ಗ್ಲಾಸ್. ಗ್ಲವ್ ಮತ್ತು ಗ್ಲೂ ಬಿಟ್ಟುಬಿಡಿ.

ಶುರುವಿನ ಅಕ್ಷರಗಳ ಹಾಗೆ ಕೊನೆಯ ಅಕ್ಷರಗಳೂ ಮಾತಾಡುತ್ತವೆ. ಇದನ್ನು ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮೇಲೆ ರೆಸ್ಟ್ ಅನ್ನುವುದು ರೆಸಲ್ ಆಯಿತಲ್ಲ, ಆ ಕೊನೆಯ ಎಲ್-ಇ ಎಷ್ಟೋ ಕ್ರಿಯಾಪದಗಳಲ್ಲಿ 'ಚಿಕ್ಕಚಿಕ್ಕದಾಗಿ, ಮತ್ತೆ ಮತ್ತೆ' ಅನ್ನುವ ಅರ್ಥ ಕೊಡುತ್ತದೆ. ಕ್ರ್ಯಾಕ್ ಅಂದರೆ ಒಂದು ಸಲ ಚಟ್ ಅನ್ನುವುದು, ಕ್ರ್ಯಾಕಲ್ ಅಂದರೆ ಚಟಚಟ. ಸ್ಪಾರ್ಕ್ ಒಂದು ಕಿಡಿ, ಸ್ಪಾರ್ಕಲ್ ಥಳಥಳ. ಸ್ನಿಫ್ ಒಂದು ಸಲ, ಸ್ನಿಫಲ್ ಸೊರಸೊರ. ಇಂಗ್ಲಿಷ್ ಬಾಲ ಹಚ್ಚಿ ಹೇಳುವುದನ್ನು ಕನ್ನಡ ಎರಡು ಸಲ ಹೇಳಿ ಮುಗಿಸುತ್ತದೆ. ನಿಮ್ಮ ಮಗಳಿಗೆ ಮನೆಯಲ್ಲಿ ಕನ್ನಡ ಕೇಳಿ ಚಟಚಟ, ಪಟಪಟ, ತೊಟತೊಟ ಎಲ್ಲ ಆಗಲೇ ಗೊತ್ತಿದೆ. ಅವಳಿಗೆ ಇಂಗ್ಲಿಷ್ ಕಲಿಸಲು ಕನ್ನಡ ಮೀಡಿಯಂನಲ್ಲಿ ಓದಿದ ನೀವೇ ಸಾಕು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಇಷ್ಟು ವರ್ಷ ಕಲಿಸಿದ ಅನುಭವದಿಂದ ಹೇಳುತ್ತಿದ್ದೇನೆ.

ಮನೆಯಲ್ಲಿ ಹೀಗೆ ಮಾಡಿ. 20 ಶಬ್ದ ಬರೆದ ಕೂಡಲೇ ಅರ್ಥ ಉರು ಹೊಡೆಯಲು ಬಿಡಬೇಡಿ. ಮೊದಲು ಒಂದೊಂದನ್ನೂ ಕೈಯಲ್ಲಿ, ಮುಖದಲ್ಲಿ ಮಾಡಿ ತೋರಿಸಲು ಹೇಳಿ. ತಿರುಗಿದ್ದು ಒಂದು ಕಡೆ, ತಿರುಗದೆ ಇದ್ದದ್ದು ಇನ್ನೊಂದು ಕಡೆ. ಆಮೇಲೆ ಅದಕ್ಕೆ ಕನ್ನಡ ಶಬ್ದ ಹುಡುಕಲಿ. ತಿರುಗು, ತಿರುಚು, ತಿರುವು, ತಿರುಪು ಅಂತ ಅವಳೇ ಒಂದು ಗುಂಪು ಕಟ್ಟುತ್ತಾಳೆ. ಸುತ್ತು, ಸುರುಳಿ, ಸುಳಿ, ಸುಕ್ಕು, ಸುಂಟರಗಾಳಿ ಅಂತ ಇನ್ನೊಂದು. ಕನ್ನಡದಲ್ಲಿ ಸಿಗದೆ ಇದ್ದರೆ ಮರಾಠಿಯ ಪಿಳಣೇ (ಹಿಂಡುವುದು), ಪೀಳ (ಹುರಿ) ಇದೆ. ಲೋಕಲ್ ಟ್ರೇನಿನಲ್ಲಿ ಮಹಾಲಕ್ಷ್ಮಿಗೆ ಹೋದರೆ ಸ್ಟೇಷನ್ ಪಕ್ಕದ ಸೇತುವೆ ಮೇಲೆ ನಿಂತು ಧೋಬಿಘಾಟ್ ತೋರಿಸಿ. ಬಟ್ಟೆ ಒಗೆದು ಹಿಂಡುವ ಆ ಕೈಗಳನ್ನು ಒಮ್ಮೆ ನೋಡಿದರೆ ಡಬ್ಲ್ಯೂ ಮರೆಯುವುದಿಲ್ಲ.

ಈಗ ಮಗಳ ಪ್ರಶ್ನೆ. ಅವಳು ಗಮನಿಸಿದ್ದು ಸರಿ. ಪ್ಲೇರೈಟ್‌ನ ಕೊನೆಗೆ ಬರುವುದು ಬರೆಯುವ ರೈಟ್ ಅಲ್ಲ. ಡಬ್ಲ್ಯೂ-ಆರ್-ಐ-ಜಿ-ಎಚ್-ಟಿ ಅಂತ ಇರುವ ಈ ರೈಟ್ ಅಂದರೆ ಮಾಡುವವನು, ಕೈಕೆಲಸದವನು. ಗಾಡಿಯ ಚಕ್ರ ಮಾಡುವವನು ವೀಲ್‌ರೈಟ್, ಹಡಗು ಕಟ್ಟುವವನು ಶಿಪ್‌ರೈಟ್. ನಾಟಕವನ್ನೂ ಅವರು ಕಟ್ಟುವ ವಸ್ತು ಅಂತಲೇ ನೋಡಿದರು. ಈ ಶಬ್ದ ಹುಟ್ಟಿದ್ದು ವರ್ಕ್ ಅನ್ನುವ ಕುಟುಂಬದಲ್ಲಿ. ಮೊದಲು ಡಬ್ಲ್ಯೂ ಮತ್ತು ಆರ್ ನಡುವೆ ಸ್ವರ ಇತ್ತು, ಹೇಳುತ್ತಾ ಹೇಳುತ್ತಾ ಆರ್ ಮುಂದಕ್ಕೆ ಹಾರಿ ಡಬ್ಲ್ಯೂ ಪಕ್ಕಕ್ಕೆ ಬಂದು ಕೂತಿತು. ರಾಟ್ ಐರನ್ ಅಂತ ಕಬ್ಬಿಣದ ಗೇಟುಗಳಿಗೆ ಹೇಳುತ್ತಾರಲ್ಲ, ಬಡಿದು ಕೆಲಸ ಮಾಡಿದ ಕಬ್ಬಿಣ, ಅದರಲ್ಲೂ ಹೀಗೇ ಆಗಿದೆ. ಹಾಗಾಗಿ ಇವೆರಡನ್ನೂ ತಿರುಗುವ ಗುಂಪಿಗೆ ಸೇರಿಸಬಾರದು. ಅಕ್ಷರಗಳು ಹೀಗೆ ಜಾಗ ಬದಲಾಯಿಸಿಕೊಳ್ಳುವುದು ಅವಳಿಗೆ ವಿಚಿತ್ರ ಅನ್ನಿಸಿದರೆ, ಧೋಬಿಘಾಟ್‌ನಲ್ಲಿ ಬಟ್ಟೆ ಹಿಂಡುವವರಿಗೆ ನಮ್ಮೂರಿನಲ್ಲಿ ಏನನ್ನುತ್ತಾರೆ ಅಂತ ಕೇಳಿ. ಅಗಸ ಅನ್ನುತ್ತಾಳೆ. ಹಳಗನ್ನಡದಲ್ಲಿ ಅದು ಅಸಗ.